ನಮಸ್ಕಾರದ ಕಲ್ಲು ಮುಟ್ಟಿದ ಸಂಕವ್ವ

ಕಪ್ಪೆಗಳು ಮನುಷ್ಯರಿಗೆ ಬುದ್ಧಿ ಹೇಳುತ್ತಿದ್ದ ಕಾಲವದು. ಅಲೆಪುರವೆಂಬ ರಾಜ್ಯದಲ್ಲಿ ದೋಣಿ ನಡೆಸುವ ಬೊಮ್ಮಯ್ಯನಿಗೆ ಸಂಕವ್ವ ಒಬ್ಬಳೇ ಮಗಳು. ಒಂದು ದಿನ ಮಂತ್ರವಾದಿ ಧೂಮಾಕ್ಷ ದೋಣಿಯಲ್ಲಿ ಕೂತು ನೀರಿಗೆ ಉಗುಳಿದ.

"ಕೆರೆಗೆ ಉಗುಳಬೇಡಿ ಸ್ವಾಮಿ, ನಾವು ಕುಡಿಯೋ ನೀರು," ಎಂದ ಬೊಮ್ಮಯ್ಯ.

ಮಂತ್ರವಾದಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಬೊಮ್ಮಯ್ಯನ ಉಸಿರೆಳೆದು ಗಾಜಿನ ಮಣಿಯೊಳಗೆ ತುಂಬಿಟ್ಟ. ಬೊಮ್ಮಯ್ಯ ದೋಣಿಯಲ್ಲಿ ಕೂತಲ್ಲೇ ಕಲ್ಲಾದ.

ಸಂಕವ್ವ ಅತ್ತು ಕರೆದು ಕಾಲಿಗೆ ಬಿದ್ದಳು. ಧೂಮಾಕ್ಷ ನಕ್ಕ. "ಯುಗಾದಿಗೊಂದರಂತೆ ಮೂರು ಪಂದ್ಯ. ಕೆರೆ ಈಜಿ ಒಂದರಲ್ಲಿ ಗೆದ್ದರೂ ನಿಮ್ಮಪ್ಪನ ಉಸಿರು ನಿನ್ನದು. ಮೂರೂ ಸೋತೆಯೋ, ಈ ಕೆರೆಯಲ್ಲೇ ಮೀನಾಗ್ತೀಯ."

ಕೆರೆಯಾಚೆ ನಮಸ್ಕಾರದ ಕಲ್ಲಿತ್ತು. ಅದನ್ನು ಎರಡೂ ಅಂಗೈಗಳಿಂದ ಒಟ್ಟಿಗೆ ಮುಟ್ಟಿದವರೇ ಗೆದ್ದವರು. ಕೆರೆತಾಯಿಗೆ ಒಂಟಿಕೈ ನಮಸ್ಕಾರ ಸಲ್ಲದು ಎಂಬುದು ಅಲೆಪುರದ ಪದ್ಧತಿ. ತೀರ್ಪು ಹೇಳುವವಳು ಊರಿನ ಹಿರಿಯಳು ಪದುಮಜ್ಜಿ. ಅವಳ ತೀರ್ಪಿನ ಮುಂದೆ ರಾಜನ ಮಾತೂ ನಡೆಯದು, ಮಾಟವೂ ನಡೆಯದು.

ಮೊದಲ ಯುಗಾದಿಗೆ ಮಂತ್ರವಾದಿ ತನ್ನ ನೀರುನಾಯಿಯನ್ನು ಅವಳೆದುರು ಈಜಲು ಬಿಟ್ಟ. ಸಂಕವ್ವ ಕೈಕಾಲು ಬಡಿದು ಬಡಿದು ನಡುಗೆರೆಯಲ್ಲೇ ಸುಸ್ತಾಗಿ ಸೋತಳು.

ದಡದ ಕೆಸರಲ್ಲಿದ್ದ ಮುದಿ ಕಪ್ಪೆ ಕೇಳಿತು, "ನೀರಿನ ಜೊತೆ ಜಗಳ ಯಾಕೆ ಮಗಳೇ?"

"ಬೇಗ ಹೋಗ್ಬೇಕಲ್ಲ ಅಜ್ಜಾ!"

"ನೀರನ್ನ ಎರಡು ಕಡೆಗೂ ಬಗೆ. ತಲೆಯೆತ್ತಿ ಉಸಿರು ತಗೋ. ಮಂಡಿ ಮಡಚಿ ಒದೆ. ಆಮೇಲೆ ಕೈ ಚಾಚಿ ಸುಮ್ಮನಿರು. ನೀರೇ ನಿನ್ನ ಹೊತ್ಕೊಂಡು ಹೋಗುತ್ತೆ."

ವರ್ಷವಿಡೀ ಬೆಳಗಾದರೆ ಅದೇ ಪಾಠ: ಬಗೆ, ಉಸಿರಾಡು, ಒದೆ, ಸುಮ್ಮನಿರು. ಸುಮ್ಮನಿರುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಎರಡನೆಯ ಯುಗಾದಿಗೆ ಮೊಸಳೆ ಬಂತು. ಸಂಕವ್ವ ಅದನ್ನು ಹಿಂದೆ ಹಾಕಿದಳು. ಆದರೆ ಖುಷಿ ತಡೆಯಲಾರದೆ ಒಂದೇ ಕೈಯಿಂದ ಕಲ್ಲು ಮುಟ್ಟಿಬಿಟ್ಟಳು!

"ಒಂಟಿಕೈ. ಸಲ್ಲದು," ಎಂದಳು ಪದುಮಜ್ಜಿ. ಹೇಳುವಾಗ ಅವಳ ಕಣ್ಣೂ ಒದ್ದೆಯಾಗಿತ್ತು. ಅಷ್ಟರಲ್ಲಿ ಮೊಸಳೆ ಎರಡೂ ಪಂಜ ಊರಿಯಾಗಿತ್ತು.

ಸಂಕವ್ವ ಕಲ್ಲಾದ ಅಪ್ಪನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಮರುದಿನದಿಂದ ಬಾಗಿಲನ್ನೂ ಎರಡೂ ಕೈಯಲ್ಲೇ ತೆರೆದಳು, ತಂಬಿಗೆಯನ್ನೂ ಎರಡೂ ಕೈಯಲ್ಲೇ ಹಿಡಿದಳು. ಊರವರು ನಕ್ಕರು. ನಗಲಿ ಬಿಡಿ.

ಮೂರನೆಯ ಯುಗಾದಿಗೆ ಧೂಮಾಕ್ಷನೇ ನೀರಿಗಿಳಿದ. ಮಣಿಯನ್ನು ದಡದಲ್ಲಿಡಲು ಅವನಿಗೆ ಧೈರ್ಯವಿಲ್ಲ, ಯಾರಾದರೂ ಕದ್ದರೆ? ಎಡಮುಷ್ಟಿಯಲ್ಲಿ ಹಿಡಿದೇ ಈಜಿದ. ಮಾಟದ ಬಲದಿಂದ ಅವನೇ ಮುಂದಾದ. ಆದರೂ ಸಂಕವ್ವ ಒದ್ದು ಸುಮ್ಮನಾದಳು, ಒದ್ದು ಸುಮ್ಮನಾದಳು.

ಧೂಮಾಕ್ಷ ಬಲಗೈಯಿಂದ ಕಲ್ಲು ಬಡಿದ. "ಗೆದ್ದೆ!"

"ಇನ್ನೊಂದು ಅಂಗೈ ಎಲ್ಲಪ್ಪಾ?" ಎಂದಳು ಪದುಮಜ್ಜಿ.

ಅವನು ಮುಷ್ಟಿಯನ್ನು ನೋಡಿದ, ಹಿಂದೆ ಬರುತ್ತಿದ್ದವಳನ್ನು ನೋಡಿದ. ಬಿಚ್ಚಲೋ ಬೇಡವೋ ಎಂದು ತಡವರಿಸುವಷ್ಟರಲ್ಲಿ ಸಂಕವ್ವನ ಎರಡೂ ಅಂಗೈಗಳು ಒಟ್ಟಿಗೆ ಕಲ್ಲಿಗೆ ತಾಗಿದವು.

"ಗೆದ್ದೆ ಮಗಳೇ!" ಎಂದು ಅಜ್ಜಿ ಕೂಗಿದಳು. ಆಗ ಧೂಮಾಕ್ಷ ಮುಷ್ಟಿ ಬಿಚ್ಚಿದ. ಮಣಿ ಜಾರಿ ಕಲ್ಲಿಗೆ ಬಡಿದು ಒಡೆಯಿತು. ಉಸಿರು ಗುಳ್ಳೆಯಾಗಿ ಮೇಲೆದ್ದು ತೇಲಿಹೋಯಿತು. ಈಚೆ ದಡದ ದೋಣಿಯಲ್ಲಿ ಬೊಮ್ಮಯ್ಯ ಆಕಳಿಸಿ, "ಏನಿಷ್ಟು ಜನ? ದೋಣಿ ಬೇಕಿತ್ತಾ?" ಎಂದ.

ಸಂಕವ್ವ ಬಂದ ದಾರಿಯಲ್ಲೇ ಈಜಿ ಹೋಗಿ ಎರಡೂ ಕೈಯಿಂದ ಅಪ್ಪನನ್ನು ತಬ್ಬಿಕೊಂಡಳು.

ಮಂತ್ರವಾದಿಯನ್ನು ಕೆರೆತಾಯಿ ಗೊದಮೊಟ್ಟೆ ಮಾಡಿದಳು. ಕಪ್ಪೆಯಜ್ಜನ ಪಾಠಶಾಲೆಯಲ್ಲಿ ಈಗ ಅವನೇ ಕೊನೆಯ ಸಾಲು. ಇನ್ನೂ ಕೈ ಮೂಡಿಲ್ಲ. ಮೂಡುವಾಗ ಎರಡೂ ಒಟ್ಟಿಗೆ ಮೂಡಲಿ ಎಂದು ಅಲೆಪುರದವರು ನೆಮ್ಮದಿಯಾಗಿ ಕಾಯುತ್ತಿದ್ದಾರೆ.