ಸಿಪಿಯು ಮೇಲಿನ ಭಂಡಾರ

"ನಿನ್ನ ಪೆನ್‌ಡ್ರೈವ್‌ನಿಂದನ ಲೇ ಇದೆಲ್ಲಾ! ಎಲ್ಲೆಲ್ಲಿಂದೋ ಸೌಂಡ್ ತಂದು ತುರುಕಿದಿ, ಈಗ ಸಾಫ್ಟ್‌ವೇರ್ ಬಂದ್ ಬೀಳಾಕತ್ತೈತಿ!" ಕಾಂತೇಶ ಮೌಸನ್ನು ಟೇಬಲ್ಲಿಗೆ ಕುಕ್ಕಿದ.

ಅರ್ಜುನನೂ ಸಿಡಿದ. "ಆ ಸೌಂಡ್ ಎಲ್ಲಾ ನಿನ್ನೆನ ತಗದೇನಿ. ಸಾಫ್ಟ್‌ವೇರ್ ಹೊಸದಾಗಿ ಹಾಕೇನಿ. ಇನ್ನೇನ್ ಮಾಡ್ಲಿ? ತಲಿ ಕೆಳಗ ಮಾಡಿ ನಿಂದರ್ಲ್ಯಾ?"

ಬಾಗಿಲ ಹತ್ತಿರ ರೇಣು ನಿಂತಿದ್ದಳು. ಕಾಂತೇಶ ಅವಳ ಅಣ್ಣ, ಅರ್ಜುನ ಅಣ್ಣನ ಗೆಳೆಯ. ಅವಳ ಐದನೇ ಕ್ಲಾಸಿನ ಡ್ಯಾನ್ಸಿಗೆ ಇಬ್ಬರೂ ಸೇರಿ ಹಾಡು ಮಾಡುತ್ತಿದ್ದರು. ಹಾಡಿದ್ದು ಅಜ್ಜಿ ಮರೆವ್ವ, ಹಲಗಿ ಬಾರಿಸಿದ್ದು ಅರ್ಜುನ. ನಾಳೆಯೇ ಸಾಲಿಯ ವಾರ್ಷಿಕೋತ್ಸವದ ಗ್ಯಾದರಿಂಗ್. ಹಾಡಿನ ಫೈಲ್ ಮಾತ್ರ ಇನ್ನೂ ತಯಾರಾಗಿರಲಿಲ್ಲ.

ರೇಣು ಕುಣಿಯುವಾಗ ತಾಳ ತಪ್ಪುತ್ತಿದ್ದಳು. "ಅಂಜಬ್ಯಾಡ. ಮುಂದಿನ ಸಾಲಿನ್ಯಾಗ ಕುಂತು ಬೆರಳ ಮ್ಯಾಲೆ ತಾಳ ತೋರಸ್ತೇನಿ," ಎಂದು ಅರ್ಜುನ ಮಾತು ಕೊಟ್ಟಿದ್ದ.

"ಮುಂಜಾನೆ ಐದು ನಿಮಿಷ ಚಲೋ ನಡೀತೈತಿ. ಆಮ್ಯಾಲೆ ಹ್ಯಾಂಗ್!" ಅರ್ಜುನ ಗೊಣಗುತ್ತ ಸಿಪಿಯುಗೆ ಕೈ ಹಚ್ಚಿದ. "ಯಪ್ಪಾ, ರೊಟ್ಟಿ ಹಂಚಿನಂಗ ಕಾದೈತಿ."

ರೇಣು ಬಾಗಿಲ ಹಿಂದಕ್ಕೆ ಸರಿದಳು.

ಅಜ್ಜಿ ಟ್ರ್ಯಾಕ್ಟರಿಗೂ ಹಿಟ್ಟಿನ ಗಿರಣಿಗೂ ಯಲ್ಲಮ್ಮನ ಗುಡ್ಡದಿಂದ ತಂದ ಭಂಡಾರ ಹಚ್ಚುತ್ತಿದ್ದಳು. ಹಾಡು ಚಲೋ ಆಗಲಿ ಅಂತ ರೇಣುವೂ ಸಿಪಿಯು ಮೇಲೆ ಒಂದು ಚಿಟಿಕೆ ಆ ಅರಿಸಿನ ಪುಡಿ ಹಾಕಿದ್ದಳು. ಸಾಫ್ಟ್‌ವೇರ್ ಕೈಕೊಟ್ಟಿತು. ಮರುದಿನ ಇನ್ನಷ್ಟು ಹಾಕಿದಳು. ಮತ್ತೆ ಕೈಕೊಟ್ಟಿತು. ಇವತ್ತು ಮುಂಜಾನೆ ಹಿಡಿ ತುಂಬ ಸುರಿದಿದ್ದಳು.

ಮೇಲಿನ ತೂತುಗಳಿಂದ ಅದೆಲ್ಲಾ ಎಲ್ಲಿಗೆ ಹೋಯಿತು?

ಹೇಳಬೇಕು. ಈಗಲೇ ಹೇಳಬೇಕು. ಆದರೆ ಅಣ್ಣನ ಕಣ್ಣುಗಳು ಕೆಂಪಾಗಿದ್ದವು.

"ನೀ ಕಾಲಿಟ್ಟಾಗಿಂದನ ಇದು ಕೆಟ್ಟಿದ್ದು," ಎಂದ ಕಾಂತೇಶ. "ನಿನ್ನ ಕಾಲಗುಣನ ಹಂತಾದ್ದು."

ಅರ್ಜುನ ಸಿಪಿಯುದಿಂದ ಕೈ ತೆಗೆದ. ಆಮೇಲೆ ಚಪ್ಪಲಿ ಮೆಟ್ಟಿದ.

"ಹಲಗಿ ರೆಕಾರ್ಡ್ ಆಗೇತಲ್ಲ. ಇನ್ನ ನಾ ಯಾಕ ಬೇಕು?"

ಹಿಂದಿರುಗಿ ನೋಡದೆ ನಡೆದೇಬಿಟ್ಟ.

"ಅಣ್ಣಾ, ನಾನು... ಭಂಡಾರ ಹಾಕೇನಿ," ರೇಣು ಅಳುತ್ತ ಹೇಳಿದಳು.

ಕಾಂತೇಶ ಸಿಪಿಯುದ ಬಾಗಿಲು ಬಿಚ್ಚಿದ. ಒಳಗಿನ ಫ್ಯಾನಿನ ರೆಕ್ಕೆರೆಕ್ಕೆಗೂ ಹಳದಿ ಮೆತ್ತಿಕೊಂಡಿತ್ತು. ಅವನು ಬೈಯಲಿಲ್ಲ. ಬ್ರಷ್ ತಗೊಂಡು ಒಂದೊಂದೇ ರೆಕ್ಕೆ ಒರೆಸಿದ. ಕಂಪ್ಯೂಟರ್ ಮತ್ತೆ ಚಾಲೂ ಮಾಡಿದರೆ, ಹಾಡು ಕೊನೆಯ ತನಕ ಒಂದೇ ಸಲಕ್ಕೆ ಫೈಲ್ ಆಯಿತು.

ಕಾಂತೇಶ ಫೋನ್ ಹಚ್ಚಿದರೆ ಅರ್ಜುನ ಎತ್ತಲಿಲ್ಲ. ರೇಣು ಅವನ ಮನೆಗೆ ಓಡಿದಳು.

"ಈಗಷ್ಟ ಸವದತ್ತಿ ಬಸ್ ಹತ್ತಿದನವ್ವಾ, ಅವನ ಸ್ವಾದರಮಾವನ ಊರಿಗೆ," ಎಂದಳು ಅವನ ತಾಯಿ ಭಾಗೀರಥಿ.

"ಚಿಗವ್ವಾ, ತಪ್ಪು ನಂದರಿ. ಫೋನ್ ಮಾಡಿ ಹೇಳ್ರಿ. ನಾಳೆ ಬರಾಕ ಹೇಳ್ರಿ."

"ಹೇಳ್ತೇನವ್ವಾ. ಬರೂದು ಬಿಡೂದು ಅವನ ಕೈಯಾಗ."

ಮರುದಿನ ಸಾಲಿಯ ಅಂಗಳದಲ್ಲಿ ಅಜ್ಜಿಯ ದನಿ ಎದ್ದಿತು. ಹಿಂದೆಯೇ ದೊಡ್ಡ ಸ್ಪೀಕರಿನಿಂದ ಅರ್ಜುನನ ಹಲಗಿ ಬಂತು. ಒಂದು ಪೆಟ್ಟೂ ಆಚೀಚೆ ಆಗಿರಲಿಲ್ಲ. ಮಂದಿ ಸಿಳ್ಳೆ ಹೊಡೆದರು.

ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ರೇಣು ತನ್ನ ಪಾಟಿಚೀಲ ಇಟ್ಟು ಜಾಗ ಹಿಡಿದಿದ್ದಳು. ಕುಣಿಯುತ್ತ ಕುಣಿಯುತ್ತ ಆ ಕಡೆಗೇ ನೋಡಿದಳು.

ಹಾಡು ಮುಗಿಯಿತು. ಪಾಟಿಚೀಲ ಕುರ್ಚಿಯ ಮೇಲೆ ಹಾಗೇ ಇತ್ತು.