ಅರ್ಧ ಆಕಾಶದ ಹಾಯಿ ಇಳಿಸಿದ ದುಗ್ಗಿ

ಬಹಳ ಹಿಂದೆ, ಕಡಲಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ತೆರೆಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಎಲ್ಲರಿಗೂ ದೋಣಿ ಇತ್ತು. ರಾಜನಿಗೂ ಇತ್ತು, ಕುಂಬಾರನಿಗೂ ಇತ್ತು. ಹಾಯಿ ಏರಿಸುವುದು ಎಲ್ಲರಿಗೂ ಬರುತ್ತಿತ್ತು. ಇಳಿಸುವುದು ಬರುತ್ತಿರಲಿಲ್ಲ.

ಕೆಡವುವುದು ಬರುತ್ತಿತ್ತು. ಅವರ ಬಂದರಿನ ಬಾಯಲ್ಲಿ ಒಂದು ಗುಡ್ಡ. ಅದರ ಮರೆಗೆ ಬಂದರೆ ಗಾಳಿ ತಾನಾಗಿ ಸಾಯುತ್ತಿತ್ತು. ಗಂಡಸರು ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಾಣದಂತೆ ಬರುತ್ತಿದ್ದರು. ಗುಡ್ಡದ ಮರೆ ಸಿಕ್ಕಿದ್ದೇ ಹಗ್ಗ ಬಿಟ್ಟುಬಿಡುತ್ತಿದ್ದರು. ಹಾಯಿ ಧೊಪ್ಪೆಂದು ಬೀಳುತ್ತಿತ್ತು. ದಡದಲ್ಲಿ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ಕೆಡವಿದವನಿಗೆ ರಾಜ ಜರಿಶಾಲು ಹೊದಿಸುತ್ತಿದ್ದ. ಅದು ಆ ರಾಜ್ಯದ ಪದ್ಧತಿ.

ಹನುವಜ್ಜ ಎಂಬ ಮುದುಕ ಅಂಬಿಗನೊಬ್ಬ ಮಾತ್ರ ಮೆಲ್ಲಗೆ ಇಳಿಸುತ್ತಿದ್ದ. ಜನ ನಗುತ್ತಿದ್ದರು. ಅಜ್ಜ ತನ್ನ ಪಾಡಿಗೆ ಹಾಯಿ ಮಡಚುತ್ತಿದ್ದ. ಅವನಿಗೆ ಇಬ್ಬರು ಮೊಮ್ಮಕ್ಕಳು. ದೊಡ್ಡವನು ಬೀರ, ಮೂರು ಜರಿಶಾಲು ಗೆದ್ದವನು. ಚಿಕ್ಕವಳು ದುಗ್ಗಿ, ಅಜ್ಜನ ದೋಣಿಯಲ್ಲಿ ಬೆಳೆದವಳು.

"ಏನೇ ದುಗ್ಗಿ, ನೀನು ಹಾಯಿ ಇಳಿಸೋ ಹೊತ್ತಿಗೆ ಮೀನು ಬೆಂದು ಸೀದುಹೋಗ್ತದೆ" ಎನ್ನುತ್ತಿದ್ದ ಬೀರ.

"ನಿನ್ನ ಹಾಯಿಗೆ ತೇಪೆ ಹಾಕೋದು ನಾನೇ ಅಣ್ಣ. ನೆನಪಿರಲಿ" ಎನ್ನುತ್ತಿದ್ದಳು ದುಗ್ಗಿ.

ಒಂದು ವರ್ಷ ಗಾಳಿ ಕೆಟ್ಟಿತು. ಮಳೆ ತರುವ ಗಾಳಿ ಬರಲಿಲ್ಲ. ಇದ್ದ ಗಾಳಿಯೆಲ್ಲ ನೆಲದಿಂದ ಕಡಲಿಗೆ ಒಂದೇ ದಿಕ್ಕಿಗೆ ಬೀಸತೊಡಗಿತು. ಮೋಡಗಳು ದನದ ಹಿಂಡಿನಂತೆ ಆ ಕಡೆಗೇ ಹೋದವು. ದೂರದ ದ್ವೀಪದಲ್ಲಿ ಗಾಳಿಮುಕ್ಕ ಎಂಬ ಮಾಂತ್ರಿಕ ಅರ್ಧ ಆಕಾಶದಷ್ಟು ದೊಡ್ಡ ಹಾಯಿ ಕಟ್ಟಿದ್ದಾನೆ, ಲೋಕದ ಗಾಳಿಯನ್ನೆಲ್ಲ ಅದರೊಳಗೆ ಎಳೆದುಕೊಳ್ಳುತ್ತಿದ್ದಾನೆ ಎಂಬ ಸುದ್ದಿ ಬಂತು.

ಆ ಹಾಯಿ ಕೆಡವಿ ಬರಲು ರಾಜ ದೋಣಿಗೊಬ್ಬನಂತೆ ನಲವತ್ತು ದೋಣಿ ಕಳಿಸಿದ. ಮೊದಲ ದೋಣಿ ಬೀರನದು. ಒಂದೂ ಹಿಂದಿರುಗಲಿಲ್ಲ. ಬಾನಂಚಿನಲ್ಲಿ ನಲವತ್ತು ಬಿಳಿ ಹಕ್ಕಿಗಳು ಕಾಣಿಸಿಕೊಂಡವು. ಹೋದವರನ್ನು ಗಾಳಿಮುಕ್ಕ ಹಕ್ಕಿ ಮಾಡಿದ್ದಾನೆ ಎಂದರು ಜನ. ಅವು ಎಲ್ಲೂ ಕೂರುತ್ತಿರಲಿಲ್ಲ. ಅವುಗಳಿಗೆ ರೆಕ್ಕೆ ಮಡಚಲು ಬರುತ್ತಿರಲಿಲ್ಲ. ದಣಿದ ಹಕ್ಕಿ ಕಡಲಿಗೆ ಬೀಳುತ್ತಿತ್ತು. ದುಗ್ಗಿ ದಿನವೂ ಎಣಿಸುತ್ತಿದ್ದಳು. ನಲವತ್ತು ಮೂವತ್ತೊಂಬತ್ತಾಯಿತು, ಮೂವತ್ತೆಂಟಾಯಿತು.

"ಅಜ್ಜ, ನಾನು ಹೋಗ್ತೇನೆ" ಎಂದಳು.

ಅಜ್ಜ ದೋಣಿಗೆ ನೀರಿನ ಮಡಕೆ ಇಟ್ಟ, ಅವಲಕ್ಕಿಯ ಗಂಟು ಇಟ್ಟ. ಆಮೇಲೆ ಹೇಳಿದ: "ಗಾಳಿಗೆ ಮುಖ ಕೊಡು. ಹಗ್ಗಕ್ಕೆ ಕೈ ಕೊಡು. ಹಾಯಿಗೆ ಹೊತ್ತು ಕೊಡು."

"ಇಷ್ಟೇನಾ?"

"ಇಷ್ಟೆ."

ದುಗ್ಗಿ ಹಾಯಿ ಏರಿಸಿದಳು. ಗಾಳಿ ಅವಳನ್ನು ಎಳೆದುಕೊಂಡು ಹೋಯಿತು.

ಮೂರನೆಯ ದಿನ ಎರಡು ಬಂಡೆಗಳ ನಡುವೆ ಕಿರಿದಾದ ದಾರಿ ಸಿಕ್ಕಿತು. ಆ ದಾರಿಗೆ ಅಡ್ಡಲಾಗಿ ಒಂದು ಆಮೆ ಮಲಗಿತ್ತು. ಗುಡ್ಡದಷ್ಟು ಆಮೆ. ಬೆನ್ನ ಮೇಲೆ ಪಾಚಿಯ ಕಾಡು. ಕಾಡಿನಲ್ಲಿ ಕೊಕ್ಕರೆಗಳು ಗೂಡು ಕಟ್ಟಿದ್ದವು. ಸುತ್ತಲೂ ಒಡೆದ ಹಲಗೆಗಳು ತೇಲುತ್ತಿದ್ದವು.

ಇಲ್ಲಿ ಗುಡ್ಡದ ಮರೆಯಿಲ್ಲ. ಗಾಳಿ ಬೆನ್ನಿಗಿದ್ದರೆ ಹಾಯಿ ಉಬ್ಬಿ ಕಂಬಕ್ಕೆ ಒತ್ತಿಕೊಳ್ಳುತ್ತದೆ. ಹಗ್ಗ ಬಿಟ್ಟರೂ ಬೀಳುವುದಿಲ್ಲ. ದುಗ್ಗಿಗೆ ಆ ಹಲಗೆಗಳ ಕತೆ ಅರ್ಥವಾಯಿತು. ಚುಕ್ಕಾಣಿ ತಿರುಗಿಸಿದಳು. ದೋಣಿಯ ಮೂತಿ ಅರ್ಧ ಸುತ್ತು ಹೊಡೆದು ಗಾಳಿಗೆ ಎದುರಾಯಿತು. ಮುಖಕ್ಕೆ ಗಾಳಿ ರಾಚಿತು. ಹಾಯಿ ಪಟಪಟ ಬಡಿದು ಬರಿದಾಯಿತು. ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದಳು. ಹಾಯಿಯ ಬುಡದ ಕೋಲು ತಲೆಗೆ ಬಡಿಯದಂತೆ ಅದಕ್ಕೊಂದು ಆಸರೆ ಕೊಟ್ಟಳು. ಹಗ್ಗವನ್ನು ಒಂದೊಂದು ಕೈಯಷ್ಟೇ ಬಿಡುತ್ತ ಹಾಯಿ ಇಳಿಸಿದಳು. ಸದ್ದಾಗಲಿಲ್ಲ. ಗೂಡಿನ ಕೊಕ್ಕರೆ ಕತ್ತೆತ್ತಲಿಲ್ಲ.

ಆಮೆ ಒಂದು ಕಣ್ಣು ತೆರೆಯಿತು. ಆ ಕಣ್ಣು ಬಾವಿಯಷ್ಟಿತ್ತು.

"ನಲವತ್ತು ಜನ ಬಂದರು. ನಲವತ್ತೂ ಜನ ನನ್ನ ತಲೆಗೆ ಗುದ್ದಿದರು. ಕೊನೆಗೆ ನಾನೇ ತಲೆ ಒಳಗೆಳೆದುಕೊಂಡು ದಾರಿ ಬಿಟ್ಟೆ. ನೀನು ಯಾರಮ್ಮ?"

"ಹನುವಜ್ಜನ ಮೊಮ್ಮಗಳು. ಮೊದಲು ಗುದ್ದಿದವನು ನನ್ನ ಅಣ್ಣ. ಬೇಜಾರು ಮಾಡ್ಕೋಬೇಡಿ ಆಮೆಯಜ್ಜ."

"ಹಣೆ ಇನ್ನೂ ನೋಯುತ್ತಿದೆ" ಎಂದಿತು ಆಮೆ. "ಹೋಗು. ನಾನು ಬೇಕಾದಾಗ ನಿನ್ನ ದೋಣಿಯ ಹುಟ್ಟಿನಿಂದ ಮೂರು ಸಲ ತಟ್ಟು. ನೀರಾದರೂ ಸರಿ, ನೆಲವಾದರೂ ಸರಿ. ನನಗೆ ಕೇಳುತ್ತದೆ."

ದುಗ್ಗಿ ಹುಟ್ಟು ಹಾಕಿ ದಾಟಿದಳು. ಮತ್ತೆ ಹಾಯಿ ಏರಿಸಿದಳು.

ಆರನೆಯ ದಿನ ಹಾಲಿನಂಥ ಮಂಜು. ಮಂಜಿನೊಳಗೆ ಚೂಪು ಬಂಡೆಗಳ ಸಾಲು. ದುಗ್ಗಿ ಗಾಳಿಗೆ ಮುಖ ಕೊಟ್ಟಳು. ಹಗ್ಗ ಬಿಚ್ಚಲು ಕೈ ಹಾಕಿದಳು. ಹಗ್ಗ ತಣ್ಣಗಿತ್ತು. ಹಗ್ಗ ಮಿಸುಕಿತು. ಹಗ್ಗ ಹೆಡೆ ಎತ್ತಿತು.

"ಬಿಡು" ಎಂದಿತು ಹಾವು. "ಬಿಟ್ಟರೆ ಕಂಬದ ತುದಿಗೆ ಓಡುತ್ತೇನೆ. ನಿನ್ನ ಹಾಯಿ ಎಂದಿಗೂ ಇಳಿಯದು. ಬಿಗಿಹಿಡಿದರೆ ಕೆಂಡವಾಗುತ್ತೇನೆ. ನಿನ್ನ ಅಂಗೈ ಉಳಿಯದು."

ದುಗ್ಗಿ ಬಿಡಲಿಲ್ಲ. ಬಿಗಿಹಿಡಿಯಲೂ ಇಲ್ಲ. ಹಾವನ್ನು ಕಂಬದ ಬುಡದ ಗೂಟಕ್ಕೆ ಒಂದು ಸುತ್ತು ಸುತ್ತಿದಳು. ಭಾರವನ್ನು ಗೂಟಕ್ಕೆ ಬಿಟ್ಟಳು. ಸಾಕಿದ ಕರುವಿನ ಹಗ್ಗ ಹಿಡಿದಂತೆ ಹಿಡಿದು ಒಂದೊಂದೇ ಮೊಳ ಸಡಿಲಿಸಿದಳು. ಹಾವು ಗೂಟದ ಸುತ್ತ ಸರಸರ ಹರಿಯಿತು. ಹಾಯಿ ಇಳಿಯಿತು.

"ನಿನಗೆ ಹೆದರಿಕೆ ಆಗಲಿಲ್ಲವೇ?" ಎಂದು ಹಾವು ಕೇಳಿತು.

"ಆಯಿತು. ಕೈಗೆ ಹೇಳಲಿಲ್ಲ."

ಹಾವಿಗೆ ಆ ಮಾತು ಹಿಡಿಸಿತು. ಅಲ್ಲೇ ಮೂರು ಸಲ ಪೊರೆ ಬಿಟ್ಟಿತು. ಮೂರು ಬೆಳ್ಳಿ ಪೊರೆ, ಬೆರಳಗಲ. "ಇದರಿಂದ ಕಟ್ಟಿದ್ದು ಬಿಚ್ಚುವುದಿಲ್ಲ" ಎಂದು ಹೇಳಿ ಮತ್ತೆ ಹಗ್ಗವಾಯಿತು.

ಒಂಬತ್ತನೆಯ ದಿನ ದ್ವೀಪ ಕಂಡಿತು.

ದುಗ್ಗಿ ತನ್ನ ಪುಟ್ಟ ಹಾಯಿ ಇಳಿಸಿ, ಹುಟ್ಟು ಹಾಕಿ ದಡ ಮುಟ್ಟಿದಳು. ತಲೆ ಎತ್ತಿ ನೋಡಿದಳು. ಬೆಟ್ಟದ ಮೇಲೆ ಕಂಬ. ಹತ್ತು ಜನ ತಬ್ಬಿದರೂ ಸಾಲದ ಕಂಬ. ಅದರ ತುದಿ ಕಾಣದು. ಕಂಬಕ್ಕೆ ಹಾಯಿ. ಅದು ಬಟ್ಟೆಯಲ್ಲ. ಆಕಾಶದ ಪಡುವಣ ಭಾಗವನ್ನೇ ಸುಲಿದು ಹೊಲಿದದ್ದು. ಹಗಲಲ್ಲೂ ಅದರಲ್ಲಿ ನಕ್ಷತ್ರಗಳಿದ್ದವು. ಕದ್ದ ಮೋಡಗಳೆಲ್ಲ ಅದರ ಹೊಟ್ಟೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅದರ ಸುತ್ತ ಬಿಳಿ ಹಕ್ಕಿಗಳು ಹಾರುತ್ತಿದ್ದವು. ಎಣಿಸಿದಳು. ಇಪ್ಪತ್ತಾರು.

ಕಂಬದ ಬುಡದಲ್ಲಿ ಗಾಳಿಮುಕ್ಕ ಕುಳಿತಿದ್ದ. ಕೆನ್ನೆ ಎರಡು ಕುಂಬಳಕಾಯಿ. ಹೊಟ್ಟೆ ಕಣಜ.

"ಹಾಯಿ ಇಳಿಸಲು ಬಂದೆಯಾ? ಇಳಿಸು" ಎಂದ. ಹೊಳೆಯುವ ಕತ್ತಿಯೊಂದನ್ನು ಮುಂದಿಟ್ಟ. "ಹಗ್ಗ ಕಡಿ. ಒಂದೇ ಏಟು. ನಿಮ್ಮ ಊರಿನ ಪದ್ಧತಿ ಅಲ್ಲವೇ?"

ದುಗ್ಗಿ ಕತ್ತಿ ಮುಟ್ಟಲಿಲ್ಲ. ಗಾಳಿ ಹಾಯಿಯ ಬೆನ್ನಿಗಿತ್ತು. ಕಡಿದರೆ ಹಾಯಿ ಗಾಳಿಯ ಜೊತೆ ಹಾರಿ ಲೋಕದ ಆಚೆಗೆ ಹೋಗುತ್ತದೆ. ಮೋಡಗಳು ಹೋಗುತ್ತವೆ, ಹಕ್ಕಿಗಳೂ ಹೋಗುತ್ತವೆ. ಮೊದಲು ಮೂತಿ ಗಾಳಿಗೆ ತಿರುಗಬೇಕು. ಬೆಟ್ಟಕ್ಕೆ ಮೂತಿ ಎಲ್ಲಿದೆ? ಅವಳು ಸುತ್ತ ನೋಡಿದಳು. ದ್ವೀಪ ಒಂದು ಕಡೆ ಚೂಪಾಗಿತ್ತು. ಇನ್ನೊಂದು ಕಡೆ ಅಗಲವಾಗಿತ್ತು. ಇದೂ ಒಂದು ದೋಣಿಯೇ.

ಹುಟ್ಟಿನಿಂದ ನೆಲಕ್ಕೆ ಮೂರು ಸಲ ತಟ್ಟಿದಳು.

ಕಡಲು ಉಬ್ಬಿತು. ಆಮೆ ಎದ್ದು ಬಂತು. ದ್ವೀಪಕ್ಕೆ ಹಣೆ ಕೊಟ್ಟು ದಬ್ಬಿತು. ಬೆಟ್ಟ ನರಳಿತು, ಮರಗಳು ತೂಗಿದವು, ದ್ವೀಪ ನಿಧಾನವಾಗಿ ಅರ್ಧ ಸುತ್ತು ತಿರುಗಿತು. ಲೋಕದ ಗಾಳಿಯೆಲ್ಲ ದುಗ್ಗಿಯ ಮುಖಕ್ಕೆ ಬಂತು. ಅವಳು ಕಣ್ಣು ಮುಚ್ಚಲಿಲ್ಲ. ಅರ್ಧ ಆಕಾಶ ಪಟಪಟ ಬಡಿದುಕೊಂಡಿತು. ಆ ಸದ್ದಿನ ಮುಂದೆ ಗುಡುಗು ಬರೀ ಮಗು.

ಹಗ್ಗ ತೊಡೆಯಷ್ಟು ದಪ್ಪ. ಕಲ್ಲುಗೂಟಕ್ಕೆ ಒಂಬತ್ತು ಸುತ್ತು ಸುತ್ತಿತ್ತು. ದುಗ್ಗಿ ಎರಡು ಸುತ್ತು ಮಾತ್ರ ತೆಗೆದಳು. ಸುತ್ತು ಸಾಕಷ್ಟಿದ್ದರೆ ಆನೆಯ ಭಾರವೂ ಒಂದು ಕೈಗೆ ಬಗ್ಗುತ್ತದೆ. ಮೊಳ ಮೊಳವಾಗಿ ಸಡಿಲಿಸಿದಳು. ಹಾಯಿ ಮೊಳ ಮೊಳವಾಗಿ ಇಳಿಯಿತು.

ಮೊದಲ ದಿನ ಕಾಲುಭಾಗವೂ ಇಳಿಯಲಿಲ್ಲ. ಸೂರ್ಯ ಪಡುವಣಕ್ಕೆ ಬಂದು ನಿಂತ. ಮುಳುಗಲಿಲ್ಲ. ನೋಡುತ್ತ ನಿಂತುಬಿಟ್ಟ. ಹಾಗೆ ಮೂರು ದಿನದ ಹೊತ್ತು ನಿಂತ. ಅಷ್ಟು ಹೊತ್ತೂ ಬೆಳಕಿತ್ತು.

ಒಂದು ಹಕ್ಕಿ ಅವಳ ತಲೆಯ ಮೇಲೆ ಸುತ್ತಿತು. ಅದರ ದನಿ ಬೀರನದು.

"ಕಡಿಯೇ ದುಗ್ಗಿ. ಒಂದೇ ಏಟು. ರೆಕ್ಕೆ ಸೋತುಹೋಗಿದೆ."

"ತಡಿ ಅಣ್ಣ."

"ಬೀಳ್ತೇನೆ ಕಣೇ."

ದುಗ್ಗಿ ಕತ್ತಿಯ ಕಡೆ ನೋಡಿದಳು. ಗಾಳಿಮುಕ್ಕ ನಕ್ಕ. ಅವಳ ಅಂಗೈ ನೆತ್ತರಾಗಿತ್ತು. ಹಾಯಿಗೆ ಹೊತ್ತು ಕೊಡು ಎಂದಿದ್ದ ಅಜ್ಜ. ಅಣ್ಣನ ಹೊತ್ತೇ ಮುಗಿದರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

"ಅಣ್ಣ, ಸುಮ್ಮನೆ ಹಾರಬೇಡ. ಹಾಯಿಯ ಅಂಚು ಕಚ್ಚು. ನಿನ್ನ ಭಾರ ಅದಕ್ಕೆ ಬಿಡು. ಎಲ್ಲರಿಗೂ ಹೇಳು. ಅದು ಇಳಿದ ಹಾಗೆ ನೀವೂ ಇಳೀತೀರಿ."

ಬೀರ ಹಾಯಿಯ ಅಂಚಿಗೆ ಕೊಕ್ಕು ಹಾಕಿದ. ಅವನ ಹಿಂದೆ ಇಪ್ಪತ್ತೈದು ಹಕ್ಕಿಗಳೂ ಹಾಕಿದವು. ಜೀವನವಿಡೀ ಕೆಡವಿದವರು ಮೊದಲ ಸಲ ಹಾಯಿಯ ಜೊತೆ ಇಳಿದರು. ಇಳಿಯುವ ಹಾಯಿಯನ್ನು ದುಗ್ಗಿ ಹೇಳಿದ ಹಾಗೆ ಎಳೆದರು. ಒಂದು ಮಡಿಕೆ ಎಡಕ್ಕೆ, ಒಂದು ಮಡಿಕೆ ಬಲಕ್ಕೆ. ನಕ್ಷತ್ರದ ಮೇಲೆ ನಕ್ಷತ್ರ ಕೂತಿತು. ಮೋಡಗಳು ಒಂದೊಂದಾಗಿ ಈಚೆ ಬಂದು ಊರಿನ ದಾರಿ ಹಿಡಿದವು.

ಹಾಯಿ ಪೂರ್ತಿ ಇಳಿಯಿತು. ದುಗ್ಗಿ ಮೂರು ಪೊರೆಯಿಂದ ಮೂರು ಕಡೆ ಕಟ್ಟಿದಳು. ಕೊನೆಗೆ ಹಗ್ಗದ ತುದಿಯನ್ನೂ ಗೂಟಕ್ಕೆ ಬಿಗಿದಳು. ಅದನ್ನು ಮರೆಯುವವರೇ ಹೆಚ್ಚು.

ಗಾಳಿ ನಿಂತಿತು. ಅಂಥ ಮೌನವನ್ನು ಕಡಲು ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಹಕ್ಕಿಗಳು ರೆಕ್ಕೆ ಮಡಚಿದವು. ಮಡಚಿದ ರೆಕ್ಕೆ ತೋಳಾಯಿತು. ಇಪ್ಪತ್ತಾರು ಜನ ನೆಲದ ಮೇಲೆ ಕೂತು ತಮ್ಮ ಕೈಗಳನ್ನು ನೋಡಿಕೊಂಡರು. ಆಮೆ ದಡಕ್ಕೆ ಬೆನ್ನು ಒಡ್ಡಿತು. ಕಡಲಿಗೆ ಬಿದ್ದಾಗ ತಾನೇ ಎತ್ತಿಟ್ಟುಕೊಂಡಿದ್ದ ಹದಿನಾಲ್ಕು ಜನರನ್ನು ಬೆನ್ನ ಕಾಡಿನೊಳಗಿಂದ ಇಳಿಸಿತು. ಕೊಕ್ಕರೆಗಳ ಜೊತೆ ಅವರು ಗೂಡಿನಲ್ಲಿ ನಿದ್ದೆ ಹೋಗಿದ್ದರು.

ಗಾಳಿಮುಕ್ಕನ ಕೆನ್ನೆ ಇಳಿಯಿತು. ಹೊಟ್ಟೆ ಇಳಿಯಿತು. ಕೊನೆಗೆ ಉಳಿದದ್ದು ಒಂದು ಬರಿಯ ತೊಗಲು ಚೀಲ. ಬೀರ ಅದನ್ನು ಊರಿಗೆ ತಂದು ಕಮ್ಮಾರನಿಗೆ ಕೊಟ್ಟ. ಅವನ ಕುಲುಮೆಯ ತಿದಿ ಅದೇ. ಈಗಲೂ ಬೆಂಕಿ ಊದುತ್ತಿದೆ.

ದ್ವೀಪದ ಮರ ಕಡಿದು ದೋಣಿ ಕಟ್ಟಿ ಎಲ್ಲರೂ ಹೊರಟರು. ಅವರು ಬರುವ ದಿನ ತೆರೆಗಲ್ಲಿನ ದಡದಲ್ಲಿ ಜನಜಂಗುಳಿ. ಮಳೆ ಜಿನುಗುತ್ತಿತ್ತು. ರಾಜ ಜರಿಶಾಲು ಹಿಡಿದು ನಿಂತಿದ್ದ. ಎಲ್ಲರೂ ಧೊಪ್ಪೆಂಬ ಸದ್ದಿಗೆ ಕಾದರು.

ಎಲ್ಲಕ್ಕಿಂತ ಮುಂದಿದ್ದ ದೋಣಿ ಬೀರನದು. ಗುಡ್ಡದ ಮರೆಗೆ ಅವನು ಬರಲಿಲ್ಲ. ಹೊರಗೇ ಮೂತಿ ತಿರುಗಿಸಿ ಗಾಳಿಗೆ ಮುಖ ಕೊಟ್ಟ. ಮೊಳ ಮೊಳವಾಗಿ ಹಾಯಿ ಇಳಿಸಿದ. ಎಡಕ್ಕೊಂದು ಮಡಿಕೆ, ಬಲಕ್ಕೊಂದು ಮಡಿಕೆ. ಹಿಂದೆ ಮೂವತ್ತೊಂಬತ್ತು ದೋಣಿಗಳು ಹಾಗೇ ಮಾಡಿದವು. ಕೊನೆಗೆ ದುಗ್ಗಿಯದು. ನಲವತ್ತೊಂದು ಹಾಯಿ ಇಳಿದರೂ ಮಳೆಹನಿಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೈ ಎತ್ತುವುದೇ ಮರೆತುಹೋಗಿತ್ತು. ರಾಜನ ಕೈಯ ಶಾಲು ನೆನೆಯುತ್ತಿತ್ತು.

ಹನುವಜ್ಜ ಕೋಲೂರಿಕೊಂಡು ಬಂದ. ದುಗ್ಗಿಯ ಅಂಗೈ ತಿರುಗಿಸಿ ನೋಡಿದ. ಬೀರನ ಹಾಯಿ ನೋಡಿದ.

"ಮಡಿಕೆ ಸರಿಯಿಲ್ಲ" ಎಂದ.

"ಕಲೀತೇನೆ ಅಜ್ಜ" ಎಂದ ಬೀರ.

ಅಜ್ಜ ನಕ್ಕ. ಅವನು ನಕ್ಕದ್ದನ್ನು ಆ ಊರು ಅಂದೇ ಮೊದಲು ನೋಡಿದ್ದು.

ಆಮೇಲೆ ಮಳೆ ಹೊತ್ತಿಗೆ ಬಂತು, ಗಾಳಿ ತನ್ನ ದಿಕ್ಕಿಗೆ ಬೀಸಿತು, ಎಲ್ಲರೂ ಉಂಡು ಸುಖವಾಗಿದ್ದರು. ಆ ರಾಜ್ಯದಲ್ಲಿ ಇಂದಿಗೂ ಹಾಯಿ ಇಳಿಸುವಾಗ ಯಾರೂ ಮಾತಾಡುವುದಿಲ್ಲ. ನನ್ನ ಕತೆಯೂ ಇಳಿಯಿತು. ಮಡಚಿ ಕಟ್ಟಿದ್ದೇನೆ.