ಗುರುವಾರದ ಪರಿಚಯ

"ನಮಸ್ಕಾರ್ರಿ. ತಾವು ಮೈಸೂರ ಕಡೆಯವರೇನು?"

ದಿವಾಕರ ಹೀಗೆ ಕೈಮುಗಿದು ಕೇಳಿದಾಗ, ಕೈಯಲ್ಲಿದ್ದ ಹೋಳಿಗೆ ತಟ್ಟೆಯನ್ನು ಅವನ ತಲೆಯ ಮೇಲೆ ಕವುಚಿಬಿಡಬೇಕು ಅನ್ನಿಸಿತು ಅನಸೂಯಳಿಗೆ. ಅಮೆರಿಕದ ಕೆಂಡಲ್ ಪಾರ್ಕ್ ಎಂಬ ಊರಿನ ಶೈಲಮ್ಮನ ಮನೆಯಲ್ಲಿ ಅಂದು ಯುಗಾದಿ ಊಟ. ಇಪ್ಪತ್ತು ಜನ ಕನ್ನಡಿಗರ ಎದುರಿಗೆ ಎಂಥ ನಾಟಕ! ಮೂರು ದಿನದ ಹಿಂದೆ ಅವಳು ಅತ್ತಾಗ ಟಿಶ್ಯೂ ಡಬ್ಬವನ್ನು ಮೆಲ್ಲಗೆ ಹತ್ತಿರ ಸರಿಸಿದ್ದವನು ಇವನೇ.

"ಹೌದು, ಮೈಸೂರು," ಎಂದಳು ಬಿಗುವಾಗಿ.

"ಛಲೋ ಊರು," ಎಂದು ಅವನು ಹಪ್ಪಳ ಮುರಿದ.

ಪ್ರತಿ ಗುರುವಾರ ಸಂಜೆ ಮಾರಿಸ್‌ಟೌನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಎಂಟು ಮಂದಿ ದುಂಡಗೆ ಕೂರುತ್ತಿದ್ದರು. ಎನ್‌ಕೌಂಟರ್ ಗ್ರೂಪ್ ಅಂತ ಅದಕ್ಕೆ ಹೆಸರು; ಅಪರಿಚಿತರು ಕೂತು ಮನಸ್ಸು ಬಿಚ್ಚಿ ಮಾತಾಡುವ ಕೂಟ. ೧೯೭೩ರಲ್ಲಿ ಅಮೆರಿಕದವರಿಗೆಲ್ಲ ಅದರದೇ ಹುಚ್ಚು. ನಡೆಸುತ್ತಿದ್ದ ಟೋನಿ ಮೊದಲ ದಿನವೇ ಮೂರು ಮಾತು ಹೇಳಿದ್ದ: ಮನಸ್ಸಿಲ್ಲದವರು ಮಾತಾಡಬೇಕಿಲ್ಲ. ಇಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು. ಗ್ರೂಪಿನಲ್ಲಿ ಇರುವಷ್ಟು ದಿನ ಹೊರಗೆ ಜೋಡಿಯಾಗಿ ಓಡಾಡಬಾರದು.

ಆಸ್ಪತ್ರೆಯ ಲ್ಯಾಬಿನಿಂದ ಖಾಲಿ ಅಪಾರ್ಟ್‌ಮೆಂಟಿಗೆ, ಅಲ್ಲಿಂದ ಮತ್ತೆ ಲ್ಯಾಬಿಗೆ ಓಡಾಡುತ್ತಿದ್ದ ಅನಸೂಯಳಿಗೆ ಆ ಕೂಟದ ಮಡಚುವ ಕುರ್ಚಿಯೇ ನೆಮ್ಮದಿಯ ಜಾಗವಾಗಿತ್ತು. ಅಲ್ಲಿ ಯಾರೂ ಅವಳ ಗಂಡನನ್ನು ವಿಚಾರಿಸುತ್ತಿರಲಿಲ್ಲ.

ನಾಲ್ಕನೇ ವಾರ ಒಬ್ಬ ಕನ್ನಡದವನು ಬಂದು ಕೂತಾಗ ಸುದ್ದಿ ನಮ್ಮವರಿಗೆಲ್ಲ ಮುಟ್ಟುತ್ತದೆ ಎಂದು ಅವಳು ಹೆದರಿದಳು. ಮೂರು ಗುರುವಾರ ತನ್ನ ಸರದಿ ಬಂದಾಗ ಬರೀ "ಪಾಸ್" ಎಂದು ಮಾತು ಮುಂದಿನವರಿಗೆ ಬಿಟ್ಟಳು. ಟೋನಿ ಒತ್ತಾಯಿಸಲಿಲ್ಲ. ದಿವಾಕರ ಮಾತ್ರ ಮಾತಾಡಿದ. ಧಾರವಾಡದಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದ ದಿನವೂ ಅವನು ಪಾರ್ಸಿಪನಿ ಊರಿನ ತನ್ನ ಆಫೀಸಿಗೆ ಹೋಗಿ ಕೆಲಸ ಮಾಡಿದ್ದನಂತೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಈಗ ಈ ರೂಮೊಂದಿದೆ ಎಂದಿದ್ದ.

ಅದನ್ನು ಕೇಳಿದ ಮೇಲೆ ಅವಳಿಗೂ ಧೈರ್ಯ ಬಂದಿತ್ತು. ಬೆಂಗಳೂರಿಗೆಂದು ಹೋದ ಗಂಡ ಅಲ್ಲಿಂದಲೇ ವಿಚ್ಛೇದನದ ಕಾಗದ ಕಳಿಸಿದ್ದನ್ನು ಕಳೆದ ಗುರುವಾರ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ್ದಳು. ಅಯ್ಯೋ ಪಾಪ ಎಂದು ಯಾರೂ ಲೊಚಗುಟ್ಟಲಿಲ್ಲ. ಅದಕ್ಕೇ ಅಳು ಬಂದಿತ್ತು.

"ಅನಸೂಯಾ, ಯಜಮಾನರ ವೀಸಾ ಏನಾಯ್ತಮ್ಮ?" ಶೈಲಮ್ಮ ತುಪ್ಪ ಬಡಿಸುತ್ತಾ ಕೇಳಿದರು.

ಅನಸೂಯ ದಿವಾಕರನ ಕಡೆ ನೋಡಿದಳು. ಅವನು ತಲೆಯೆತ್ತಲಿಲ್ಲ.

"ಇನ್ನೂ ಬಂದಿಲ್ಲ," ಎಂದಳು. ಎರಡು ವರ್ಷದಿಂದ ಹೇಳಿ ರೂಢಿಯಾದ ಸುಳ್ಳು. ಆದರೆ ನಿಜ ಗೊತ್ತಿರುವವನ ಎದುರಿಗೇ ಹೇಳಿದ್ದಕ್ಕೋ ಏನೋ, ಅಷ್ಟು ಜನರ ನಡುವೆ ತಾನೊಬ್ಬಳೇ ಅನ್ನಿಸಿತು. ಊಟ ಅರ್ಧಕ್ಕೆ ಬಿಟ್ಟು, ಕೋಟು ಹಾಕಿಕೊಂಡು ಹೊರಟಳು.

ಕಾರು ಸ್ಟಾರ್ಟ್ ಮಾಡುವಷ್ಟರಲ್ಲಿ ದಿವಾಕರ ಕಿಟಕಿಯ ಬಳಿ ನಿಂತಿದ್ದ. ಅವಳು ಗಾಜು ಇಳಿಸಿದಳು.

"ನನ್ನ ಪರಿಚಯ ಇದೆ ಅಂದ್ರೆ ನಿಮ್ಮ ಮರ್ಯಾದೆ ಹೋಗುತ್ತಾ?"

"ಎಲ್ಲಿ ಪರಿಚಯ ಅಂತ ಕೇಳ್ತಿದ್ರು. ಟೋನಿಗೆ ಮಾತು ಕೊಟ್ಟೀನ್ರಿ."

"ಇಲ್ಲಿ ಯಾರೂ ಇಲ್ವಲ್ಲ."

"ಇದೂ ಹೊರಗನ ಅಲ್ಲೇನ್ರಿ? ಇಲ್ಲಿ ನನಗೇನೂ ಗೊತ್ತಿಲ್ಲ. ನೀವು ಹೇಳಿದ್ರ ಮಾತ್ರ ಗೊತ್ತು."

ಅವಳ ಸಿಟ್ಟು ಅಲ್ಲೇ ಇಳಿಯಿತು. ತನ್ನ ಗುಟ್ಟನ್ನು ಇಷ್ಟು ಜೋಪಾನ ಮಾಡಿದವರು ಇನ್ನೊಬ್ಬರಿಲ್ಲ. ಆದರೆ ಆ ಗುಟ್ಟನ್ನು ಅವಳು ಕನ್ನಡದಲ್ಲಿ ಒಮ್ಮೆಯೂ ಆಡಿರಲಿಲ್ಲ.

"ನನ್ನ ಗಂಡ ನನ್ನನ್ನ ಬಿಟ್ಟ," ಎಂದಳು. "ಎರಡು ವರ್ಷ ಆಯ್ತು. ವೀಸಾ ಗೀಸಾ ಏನೂ ಇಲ್ಲ."

ದಿವಾಕರ ತಲೆಯಾಡಿಸಿದ. ಆಮೇಲೆ, "ನಾ ಗ್ರೂಪ್ ಬಿಟ್ಟೀನ್ರಿ. ಮೊನ್ನೆ ಟೋನಿಗೆ ಫೋನ್ ಮಾಡಿ ಹೇಳಿದೆ," ಎಂದ.

"ಯಾಕೆ? ನಿಮಗಿದ್ದಿದ್ದು ಅದೊಂದೇ..." ಅವಳು ತಟ್ಟನೆ ನಿಲ್ಲಿಸಿದಳು. ಅದೂ ಗುರುವಾರದ ಮಾತೇ.

"ಅಲ್ಲಿದ್ರ ನಿಮ್ಮನ್ನ ಕಾಫಿಗೆ ಕರಿಯೂ ಹಂಗಿಲ್ಲ." ಅವನು ಕಾರಿನ ಕನ್ನಡಿ ನೋಡುತ್ತಾ ಕೆಂಪಾದ. "ಕರಿಬೇಕಂತ ಭಾಳ ಅನಸ್ತು. ನೀವು ಬ್ಯಾಡ ಅಂದ್ರೂ ನಡೀತದ."

ಅನಸೂಯ ಬಾಗಿ ಆಚೆ ಬದಿಯ ಬಾಗಿಲು ತೆಗೆದಳು. ಅವನು ಸುತ್ತಿ ಬಂದು ಪಕ್ಕದಲ್ಲಿ ಕೂತ.

"ನಿಮ್ಮ ತಾಯಿ ನಿಮ್ಮನ್ನ ಏನಂತ ಕರೀತಿದ್ರು?" ಎಂದು ಕೇಳಿದಳು.

ದಿವಾಕರ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕಣ್ಣೊರೆಸಿಕೊಂಡ. ಕಾರು ರೂಟ್ ಒನ್ ಹೆದ್ದಾರಿ ಸೇರುವವರೆಗೂ ಹಾಗೇ ಕೂತಿದ್ದ. ಅನಸೂಯ ಕಾರನ್ನು ನಿಧಾನ ಮಾಡಿದಳು, ಮತ್ತೆ ಕೇಳಲಿಲ್ಲ.